ರಾತ್ರಿ ಅಟ್ಟದ ಮೇಲೆ ವಿಚಿತ್ರ ಸದ್ದು ಬರುತ್ತಿದೆಯೇ? ದೆವ್ವ ಎನ್ನುವ ಮೊದಲು ಇವುಗಳನ್ನು ಗಮನಿಸಿ

ಪುಣೆ: ರಾತ್ರಿ 11 ಗಂಟೆ ದಾಟಿರುತ್ತದೆ. ಮನೆಮಂದಿಯೆಲ್ಲ ಮಲಗಿರುತ್ತಾರೆ. ಅಷ್ಟರಲ್ಲಿ ತಲೆಯ ಮೇಲೆ ಯಾರೋ ನಡೆದಾಡಿದಂತೆ ಧಪ್ ಧಪ್ ಸದ್ದು. ಸ್ವಲ್ಪ ಹೊತ್ತು ಎಲ್ಲವೂ ನಿಶ್ಶಬ್ದ. ಮತ್ತೆ ಏನನ್ನೋ ಎಳೆದಾಡಿದ ಶಬ್ದ. ಪುಣೆಯ ಹಳೆಯ ಪೇಠೆಗಳ ಮರದ ಅಟ್ಟದ ಮನೆಗಳಲ್ಲಿ ಇರುವವರಿಗೆ ಇದು ಹೊಸ ಅನುಭವವೇನಲ್ಲ.

ಈ ಊರಿನಲ್ಲಿ ಇಂಥ ಸದ್ದಿಗೆ ದೆವ್ವದ ಹೆಸರು ಕೊಡುವುದು ಸುಲಭ. 1773ರ ಆಗಸ್ಟ್ 30ರಂದು ಪೇಶ್ವೆ ನಾರಾಯಣರಾಯರ ಕೊಲೆ ನಡೆದ ಶನಿವಾರವಾಡೆಯಲ್ಲಿ ಹುಣ್ಣಿಮೆಯ ರಾತ್ರಿ ಇಂದಿಗೂ ಅವರ ಕೂಗು ಕೇಳಿಸುತ್ತದೆ ಎಂಬ ಮಾತು ಜನರ ಬಾಯಲ್ಲಿದೆ. ಆದರೆ ಮನೆಯ ಅಟ್ಟದ ಸದ್ದಿಗೆ ಬಹುತೇಕ ಸಲ ಕಣ್ಣಿಗೆ ಕಾಣುವ ಕಾರಣವೇ ಇರುತ್ತದೆ. ಆ ಕಾರಣ ತಿಳಿಯದೆ ಮಾಂತ್ರಿಕರಿಗೆ ಹಣ ಸುರಿಯುವುದು ಒಂದು ತಪ್ಪು. ವಿಷ ಇಡುವುದು, ಅವಸರದಲ್ಲಿ ಕಿಂಡಿ ಮುಚ್ಚಿಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಹಾಗಾದರೆ ಕಾರಣವನ್ನು ಪತ್ತೆ ಮಾಡುವುದು ಹೇಗೆ? ಇಲ್ಲಿದೆ ಮಾಹಿತಿ.

ಮೊದಲು ಸಮಯ ಬರೆದಿಟ್ಟುಕೊಳ್ಳಿ

ಮೂರ್ನಾಲ್ಕು ದಿನ ಸದ್ದು ಬಂದ ಹೊತ್ತನ್ನು ಬರೆದಿಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬೆಳಗ್ಗೆ ಮತ್ತು ಮಧ್ಯಾಹ್ನ ಸರಸರ ಓಡಾಟ ಕೇಳಿಸಿದರೆ ಅಳಿಲು. ಗುಟುರು ಹಾಕುವ ದನಿ, ರೆಕ್ಕೆ ಬಡಿತ ಇದ್ದರೆ ಪಾರಿವಾಳ. ಸರಿಯಾಗಿ ಮುಸ್ಸಂಜೆಗೆ ಚಿಲಿಪಿಲಿಯಂಥ ಸಣ್ಣ ಕೀರಲು ಕೇಳಿಸಿ, ಆಮೇಲೆ ಸದ್ದು ನಿಂತುಹೋದರೆ ಬಾವಲಿಗಳು ಆಹಾರಕ್ಕೆ ಹೊರಟಿವೆ ಎಂದರ್ಥ. ರಾತ್ರಿಯಿಡೀ ಹಗುರ ಓಟ ಮತ್ತು ಕೊರೆಯುವ ಸದ್ದು ಇದ್ದರೆ ಇಲಿ. ಮನುಷ್ಯರು ನಡೆದಂತೆ ಭಾರವಾದ ಹೆಜ್ಜೆ ಸದ್ದು ಕೇಳಿಸಿದರೆ ಬೆಕ್ಕು ಇರಬಹುದು, ಇಲ್ಲವೇ ಕಬ್ಬೆಕ್ಕು.

ನಗರದಲ್ಲೂ ಇದೆ ಕಬ್ಬೆಕ್ಕು!

ಪುನುಗಿನ ಬೆಕ್ಕಿನ ಕುಟುಂಬಕ್ಕೆ ಸೇರಿದ ಈ ಪ್ರಾಣಿಗೆ ಮರಾಠಿಯಲ್ಲಿ ಉದಮಾಂಜರ್ ಎನ್ನುತ್ತಾರೆ. 2ರಿಂದ 5 ಕಿಲೋ ತೂಗುವ ಇದಕ್ಕೆ ದೇಹದಷ್ಟೇ ಉದ್ದದ ಬಾಲ. ಹಗಲೆಲ್ಲ ಮರದ ಪೊಟರೆಯಲ್ಲಿ ಮಲಗಿ ರಾತ್ರಿ ಹೊರಬೀಳುತ್ತದೆ. ಪೊಟರೆ ಇರುವ ದೊಡ್ಡ ಮರಗಳು ಕಡಿಮೆಯಾದಂತೆ ಮನೆಗಳ ಅಟ್ಟವೇ ಇದಕ್ಕೆ ಪೊಟರೆಯಾಗುತ್ತಿದೆ. ಪುಣೆಯಲ್ಲಿ ಮನೆಗಳ ಪಕ್ಕದಲ್ಲೇ ಗುಡ್ಡಗಳು, ಹಣ್ಣಿನ ಮರಗಳು ಇರುವುದರಿಂದ ಇದಕ್ಕೆ ಊಟಕ್ಕೂ ಕೊರತೆಯಿಲ್ಲ.

ಇದರ ಗುರುತು ಹಿಕ್ಕೆಯಲ್ಲಿದೆ. ಹಣ್ಣು ತಿನ್ನುವ ಕಾರಣ ಹಿಕ್ಕೆಯ ತುಂಬ ಬೀಜಗಳಿರುತ್ತವೆ. ಇನ್ನೊಂದು ವಿಶೇಷವೆಂದರೆ, ಇದರ ಮೈಯಿಂದ ಹೊಮ್ಮುವ ವಾಸನೆ ಕೆಲವೊಮ್ಮೆ ಬಾಸುಮತಿ ಅನ್ನ ಬೇಯುತ್ತಿರುವಂತೆ ಇರುತ್ತದೆ. ನಡುರಾತ್ರಿ ಹೆಜ್ಜೆ ಸದ್ದಿನ ಜೊತೆ ಅನ್ನದ ಘಮವೂ ಬಂದರೆ ಗೊತ್ತಿಲ್ಲದವರು ಹೆದರುವುದು ಸಹಜವೇ.

ಬುಸುಗುಡುವುದೆಲ್ಲ ಹಾವಲ್ಲ

ಅಟ್ಟದಿಂದ ಬುಸ್ ಎನ್ನುವ ಉಸಿರಿನ ಸದ್ದು, ನಡುನಡುವೆ ಕಿರುಚಾಟ ಕೇಳಿಸಿದರೆ ಅದು ಕಣಜದ ಗೂಬೆ ಇರಬಹುದು. ಬಿಳಿ ಮುಖದ ಈ ಗೂಬೆಯ ಮರಿಗಳು ಆಹಾರ ಕೇಳುವಾಗ ಬುಸುಗುಡುತ್ತವೆ. ಅಟ್ಟದ ನೆಲದಲ್ಲಿ ಕೂದಲು ಮತ್ತು ಸಣ್ಣ ಮೂಳೆಗಳಿರುವ ಕಪ್ಪು ಉಂಡೆಗಳು ಬಿದ್ದಿದ್ದರೆ ಅನುಮಾನವೇ ಬೇಡ. ಅವು ಗೂಬೆ ನುಂಗಿದ ಇಲಿಗಳ ಜೀರ್ಣವಾಗದ ಭಾಗಗಳು. ಗೂಬೆಯನ್ನು ಅಪಶಕುನ ಎನ್ನುವವರಿದ್ದಾರೆ. ನಿಜದಲ್ಲಿ ಅದು ಮನೆಯ ಸುತ್ತಲಿನ ಇಲಿಗಳನ್ನು ಪುಕ್ಕಟೆಯಾಗಿ ಹಿಡಿಯುವ ಹಕ್ಕಿ.

ಪ್ರಾಣಿಯೇ ಇಲ್ಲದ ಸದ್ದು

ಏನೂ ಇಲ್ಲದೆಯೂ ಸದ್ದು ಬರುತ್ತದೆ. ಪುಣೆಯಲ್ಲಿ ಬೇಸಿಗೆಯ ಹಗಲು ಸುಡುತ್ತದೆ, ರಾತ್ರಿ ತಣ್ಣಗಾಗುತ್ತದೆ. ಬಿಸಿಲಿಗೆ ಹಿಗ್ಗಿದ ತಗಡಿನ ಶೀಟು ಸಂಜೆ ಕುಗ್ಗುವಾಗ ಮೊಳೆಯ ಬಳಿ ಸಿಕ್ಕಿಕೊಂಡು ಟಣ್ ಎಂದು ಸಿಡಿಯುತ್ತದೆ. 6 ಮೀಟರ್ ಉದ್ದದ ಉಕ್ಕಿನ ಶೀಟು 30 ಡಿಗ್ರಿ ಉಷ್ಣಾಂಶ ಇಳಿದರೆ ಸುಮಾರು 2 ಮಿಲಿಮೀಟರ್ ಕುಗ್ಗುತ್ತದೆ. ಸದ್ದು ಬರಲು ಅಷ್ಟು ಸಾಕು. ಹಳೆಯ ಮರದ ತೊಲೆಗಳೂ ಹೀಗೆಯೇ ಲಟಲಟ ಎನ್ನುತ್ತವೆ.

ಹೆಂಚಿನ ಮನೆಯಲ್ಲಿ ಒಂದು ಹೆಂಚು ಜರುಗಿದ್ದರೂ ಗಾಳಿಗೆ ಕಟಕಟ ಸದ್ದು ಬರುತ್ತದೆ, ಪ್ರಾಣಿಗಳಿಗೆ ದಾರಿಯೂ ಆಗುತ್ತದೆ. ಪುಣೆಯ ಹಳೆಯ ಮನೆಗಳ ಮೇಲಿರುವ 'ಮಂಗಳೂರಿ ಕೌಲ್' ನಮ್ಮ ಮಂಗಳೂರು ಹೆಂಚೇ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಇದರ ಮೊದಲ ಕಾರ್ಖಾನೆ ತೆರೆದಿತ್ತು. ಹಾಗಾಗಿ ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಫ್ಲಾಟ್‌ನ ಲಾಫ್ಟ್‌ನಲ್ಲಿ ದಿನವೂ ಒಂದೇ ಸಮಯಕ್ಕೆ ಧಡ್ ಎಂದರೆ ಪೈಪುಗಳನ್ನು ನೋಡಿ. ನೀರು ಬಿಟ್ಟಾಗ ಪೈಪಿನೊಳಗಿನ ಗಾಳಿ ಹೊರಬರುವ ಸದ್ದು ಅಥವಾ ನಲ್ಲಿ ತಟ್ಟನೆ ನಿಲ್ಲಿಸಿದಾಗ ನೀರಿನ ಹೊಡೆತದ ಸದ್ದು ಅದಾಗಿರಬಹುದು.

ಹಿಟ್ಟು ಹರಡಿ ನೋಡಿ

ಸದ್ದಿನಿಂದ ಗೊತ್ತಾಗದಿದ್ದರೆ ಸಂಜೆ ಅಟ್ಟದ ನೆಲಕ್ಕೆ ತೆಳ್ಳಗೆ ಹಿಟ್ಟು ಹರಡಿ, ಬೆಳಗ್ಗೆ ಹೆಜ್ಜೆ ಗುರುತು ನೋಡಿ. ಬೆಕ್ಕಿನ ಹೆಜ್ಜೆಯಲ್ಲಿ 4 ಬೆರಳು ಮೂಡಿದರೆ ಕಬ್ಬೆಕ್ಕಿನದರಲ್ಲಿ 5 ಮೂಡುತ್ತವೆ. ಹಿಟ್ಟಿನ ಮೇಲೆ ಏನೂ ಇಲ್ಲದೆ ಸದ್ದು ಮಾತ್ರ ಬಂದಿದ್ದರೆ ಶೀಟು, ತೊಲೆ, ಪೈಪುಗಳನ್ನು ಪರೀಕ್ಷಿಸಿ.

ಅಟ್ಟ ಹತ್ತುವಾಗ ಮಾಸ್ಕ್, ಕೈಗವಸು ಇರಲಿ. ಪಾರಿವಾಳದ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಬರಬಹುದು. ಹಿಕ್ಕೆಗೆ ನೀರು ಚಿಮುಕಿಸಿ ಒದ್ದೆ ಮಾಡಿದ ಮೇಲೆಯೇ ತೆಗೆಯಿರಿ. ಇಲಿ ಕಡಿದ ವೈರ್ ಕಂಡರೆ ಮುಟ್ಟಬೇಡಿ, ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹತ್ತುವ ಅಪಾಯವಿದೆ.

ಕಿಂಡಿ ಮುಚ್ಚುವ ಮೊದಲು ಎಚ್ಚರ

ಬಹಳ ಮಂದಿ ತಪ್ಪು ಮಾಡುವುದು ಇಲ್ಲೇ. ತಾಯಿ ಹೊರಗೆ ಹೋದಾಗ ಕಿಂಡಿ ಮುಚ್ಚಿದರೆ ಒಳಗಿನ ಮರಿಗಳು ಹಸಿದು ಸಾಯುತ್ತವೆ. ತಾಯಿ ಒಳಬರಲು ಹೆಂಚು ಕಿತ್ತುಹಾಕುತ್ತದೆ. ವಿಷ ಇಟ್ಟರೆ ಸತ್ತ ಪ್ರಾಣಿಯ ವಾಸನೆ ವಾರಗಟ್ಟಲೆ ಕಾಡುತ್ತದೆ. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಜೊತೆಗೆ ಕಬ್ಬೆಕ್ಕು ಮತ್ತು ಗೂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದಿವೆ. ಅವುಗಳನ್ನು ಹಿಡಿಯುವುದು, ಕೊಲ್ಲುವುದು ಅಪರಾಧ.

ಮರಿಗಳ ದನಿ ಕೇಳಿಸಿದರೆ ಕೆಲವು ವಾರ ಕಾಯುವುದೇ ಒಳ್ಳೆಯದು. ಆಮೇಲೆ ಕಿಂಡಿಗೆ ಪೇಪರ್ ಉಂಡೆಯನ್ನು ಸಡಿಲವಾಗಿ ತುರುಕಿ. 3 ರಾತ್ರಿ ಅದು ಅಲುಗಾಡದಿದ್ದರೆ ಒಳಗೆ ಯಾರೂ ಇಲ್ಲ ಎಂದು ತಿಳಿದು ಗಟ್ಟಿ ತಂತಿ ಜಾಲರಿ ಬಡಿಸಿ. ಗಾಯಗೊಂಡ ಪ್ರಾಣಿ ಅಥವಾ ಒಂಟಿಯಾದ ಮರಿ ಸಿಕ್ಕರೆ ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಪುಣೆಯಲ್ಲಿ ರೆಸ್ಕ್ಯೂ ಚಾರಿಟೇಬಲ್ ಟ್ರಸ್ಟ್ ವನ್ಯಜೀವಿಗಳ ರಕ್ಷಣೆ ಮತ್ತು ಚಿಕಿತ್ಸೆಯ ಕೆಲಸ ಮಾಡುತ್ತಿದೆ.

ಭಯವನ್ನೇ ಬಂಡವಾಳ ಮಾಡಿಕೊಂಡು 'ದೆವ್ವ ಬಿಡಿಸುತ್ತೇನೆ' ಎಂದು ಹಣ ಕೇಳುವವರು ಬಂದರೆ ನೆನಪಿಡಿ. ಮೂಢನಂಬಿಕೆಯ ವಿರುದ್ಧ ಹೋರಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರ ಹತ್ಯೆ ನಡೆದದ್ದು ಇದೇ ಪುಣೆಯಲ್ಲಿ, 2013ರ ಆಗಸ್ಟ್ 20ರಂದು. ಅದೇ ವರ್ಷ ಮಹಾರಾಷ್ಟ್ರದಲ್ಲಿ ವಾಮಾಚಾರ ತಡೆ ಕಾಯ್ದೆ ಬಂತು. ಕರ್ನಾಟಕದಲ್ಲೂ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಮಾಂತ್ರಿಕರನ್ನು ಕರೆಯುವ ಬದಲು ಒಂದು ಟಾರ್ಚ್ ಹಿಡಿದು, ಹಗಲು ಹೊತ್ತಿನಲ್ಲಿ ಒಮ್ಮೆ ಅಟ್ಟ ಹತ್ತಿ ನೋಡಿ.