ಬಾಯಿ ಒಂದು ಸಾಲಲ್ಲಿ, ಬೆರಳು ಇನ್ನೊಂದರಲ್ಲಿ

ಪಕ್ಕದ ಮನೆಯ ಹುಡುಗ, ಮೂರನೇ ತರಗತಿ. ಪಾಠ ಓದು ಎಂದರೆ ಗಡಗಡ ಒಪ್ಪಿಸುತ್ತಾನೆ. ಪಕ್ಕದಲ್ಲಿ ಕೂತು ನೋಡಿದೆ: ಬಾಯಿ ನಾಲ್ಕನೇ ಸಾಲಿಗೆ ಹೋಗಿತ್ತು, ಬೆರಳು ಎರಡರಲ್ಲೇ ಇತ್ತು. ಅದೇ ಪಾಠದ ‘ಪುಸ್ತಕ’ವನ್ನು ಬೇರೆ ಹಾಳೆಯಲ್ಲಿ ಬರೆದು ತೋರಿಸಿದರೆ ‘ಪು... ಪು...’ ಎಂದು ನಿಂತುಬಿಟ್ಟ. ಇಡೀ ಪಾಠ ಕಿವಿಯಿಂದಲೇ ಬಾಯಿಪಾಠವಾಗಿತ್ತು.

ತಪ್ಪು ಕಲ್ಪನೆ: ಇಷ್ಟು ಚೂಟಿ ಹುಡುಗನಿಗೆ ಓದಲು ಬರುವುದಿಲ್ಲವೇ? ಸೋಮಾರಿತನ, ಅಷ್ಟೇ.

ಸತ್ಯ: 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಇಂಥದೇ 14 ವರ್ಷದ ಹುಡುಗನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಲ್ಲೇ ನಡೆದರೆ ಶಾಲೆಗೇ ಇವನು ಜಾಣ ಎಂದಿದ್ದರಂತೆ ಅವನ ಮೇಷ್ಟ್ರು. ಈಗ ನಾವು ಡಿಸ್ಲೆಕ್ಸಿಯಾ ಎನ್ನುವುದು ಇದನ್ನೇ. ಮಾತನ್ನು ಸದ್ದುಸದ್ದಾಗಿ ಬಿಡಿಸಿ ಅಕ್ಷರಕ್ಕೆ ಕೂಡಿಸುವ ಕೆಲಸ ಇವರಿಗೆ ಸಲೀಸಲ್ಲ. ಬುದ್ಧಿ ಕಡಿಮೆ ಎಂದಲ್ಲ. ಹತ್ತು ಸಲ ಇಂಪೊಸಿಷನ್ ಬರೆಸಿ ಪ್ರಯೋಜನವಿಲ್ಲ. ಬೋರ್ಡು ನೋಡಿ ಪಕ್ಕದ ಮನೆಯ ಹುಡುಗ ಚೆನ್ನಾಗಿಯೇ ಬರೆಯುತ್ತಾನೆ; ಉಕ್ತಲೇಖನದಲ್ಲಿ ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ.

ತಪ್ಪು ಕಲ್ಪನೆ: ಅಕ್ಷರ ತಿರುಗುಮುರುಗಾದರೆ ಡಿಸ್ಲೆಕ್ಸಿಯಾ ಖಚಿತ.

ಸತ್ಯ: ಬರೆಯಲು ಕಲಿಯುವಾಗ ಬಹಳಷ್ಟು ಮಕ್ಕಳು ತಿರುಗಿಸುತ್ತಾರೆ. ‘ಧ’ ಇರಬೇಕಾದಲ್ಲಿ ‘ದ’ ಬರೆದದ್ದೇ ಲಕ್ಷಣವಾದರೆ ಅರ್ಧ ಕರ್ನಾಟಕವನ್ನು ಪರೀಕ್ಷೆಗೆ ಕಳಿಸಬೇಕಾದೀತು. ನಮ್ಮ ಮಾತಲ್ಲಿ ಮಹಾಪ್ರಾಣ ಉಳಿದಿರುವುದೆಷ್ಟು? ಒತ್ತಕ್ಷರ ಪೂರ್ತಿ ಹಿಡಿತಕ್ಕೆ ಬರಲು ಯಾವ ಮಗುವಿಗಾದರೂ ಒಂದೆರಡು ವರ್ಷ ಸಾಲದು. ಜೊತೆಯವರು ಮುಂದೆ ಹೋದರೂ, ಕೂರಿಸಿಕೊಂಡು ಹೇಳಿಕೊಟ್ಟರೂ, ತಿಂಗಳುಗಟ್ಟಲೆ ಮಗು ಅಲ್ಲೇ ನಿಂತಿದ್ದರೆ ಆಗ ಎಚ್ಚರಾಗಬೇಕು. ಮೊದಲು ಕಣ್ಣು, ಕಿವಿ ತೋರಿಸಿ.

ತಪ್ಪು ಕಲ್ಪನೆ: ‘ಅವರಪ್ಪನೂ ಹಾಗೇ ಇದ್ದ, ದೊಡ್ಡವನಾದ ಮೇಲೆ ಸರಿಹೋಗುತ್ತೆ ಬಿಡಿ.’

ಸತ್ಯ: ಹೀಗೆಂದ ಹುಡುಗನ ಅಜ್ಜಿ ತಮಗರಿವಿಲ್ಲದೆ ಒಳ್ಳೆಯ ಸುಳಿವನ್ನೇ ಕೊಟ್ಟಿದ್ದಾರೆ. ಇದು ಮನೆತನದಲ್ಲಿ ಹರಿದು ಬರುವುದುಂಟು; ಅಪ್ಪನಿಗಿತ್ತು ಎಂದರೆ ಮಗನನ್ನು ಬೇಗ ತೋರಿಸಲು ಕಾರಣ ಸಿಕ್ಕಿತು. ಕಾಯುತ್ತ ಕೂತರೆ ಓದಿನ ಜೊತೆ ವಿಜ್ಞಾನ, ಸಮಾಜವೂ ಹಿಂದೆ ಬೀಳುತ್ತವೆ, ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಮಾಡಿಸಿದರೆ ಹಣೆಪಟ್ಟಿ ಅಂಟಿಸಿದಂತೆ.

ಸತ್ಯ: ‘ದಡ್ಡ’ ಎಂಬ ಪಟ್ಟಿ ಆಗಲೇ ಅಂಟಿದೆಯಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ತಪಾಸಣೆ ಮಾಡುತ್ತಾರೆ.

ಪಕ್ಕದ ಮನೆಯವನಿಗೆ ಈಗ ದಿನಕ್ಕೆ ಇಪ್ಪತ್ತು ನಿಮಿಷ ಹುಣಸೆಬೀಜದ ಪಾಠ: ಒಂದು ಸದ್ದಿಗೆ ಒಂದು ಬೀಜ, ಒತ್ತು ಬಂದರೆ ಎರಡು ಬೀಜ ಒತ್ತೊತ್ತಾಗಿ. ತರಗತಿಯ ಎದುರು ನಿಲ್ಲಿಸಿ ಓದಿಸುವುದನ್ನು ಮೇಷ್ಟ್ರು ಬಿಟ್ಟಿದ್ದಾರೆ, ಪ್ರಶ್ನೆ ಬಾಯಲ್ಲೇ ಕೇಳುತ್ತಾರೆ. ಮೊನ್ನೆ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಓದಿದ: ‘ಚ... ಚನ್... ಚನ್ನ... ಪಟ್ಟಣ.’ ಅಷ್ಟರಲ್ಲಿ ಬಸ್ಸು ಹೊರಟೇಹೋಗಿತ್ತು. ಅವನಿಗದರ ಪರಿವೆಯೇ ಇರಲಿಲ್ಲ.