ಎರಡು ನಿಮಿಷದ ಅಗ್ರಿಮೆಂಟು, ಜೀವಮಾನದ ಹಾಡು!

ಗಾಂಧಿನಗರದ ಒಂದು ಅಡ್ಡರಸ್ತೆ. ಮೂರನೇ ಮಹಡಿ. ಲಿಫ್ಟ್ ಇಲ್ಲ. ಗೋಡೆ ತುಂಬಾ ನೂರು ದಿನ ಓಡಿದ ಚಿತ್ರಗಳ ಪೋಸ್ಟರು. ಮೇಜಿನ ಮೇಲೆ ಕಂಪ್ಯೂಟರು, ಅದರ ಹಿಂದೆ ಪ್ರೊಡಕ್ಷನ್ ಮ್ಯಾನೇಜರು. ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದವನು ನನ್ನ ಗೆಳೆಯನ ಮಗ. ತಿಪಟೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ವಯಸ್ಸು 23. ಜೇಬಿನಲ್ಲಿ ತಾನೇ ಬರೆದ ಹಾಡು. ಚಿತ್ರರಂಗಕ್ಕೆ ಅವನ ಮೊದಲನೇ ಹಾಡು! ಧೈರ್ಯಕ್ಕೆ ಇರಲಿ ಅಂತ ನನ್ನನ್ನೂ ಎಳೆದುಕೊಂಡು ಹೋಗಿದ್ದ.

"ಹೆಸರು ಹೇಳಪ್ಪ... ಹಾಡಿನ ಮೊದಲ ಸಾಲು... ಅಮೌಂಟು 15 ಸಾವಿರ, ಸರಿ ತಾನೆ?" ಅನ್ನುತ್ತಾ ಮ್ಯಾನೇಜರು ಮೂರು ಖಾಲಿ ಜಾಗ ತುಂಬಿದರು. ಪ್ರಿಂಟರು ಗೊರಗೊರ ಅಂತು. ಎರಡು ನಿಮಿಷಕ್ಕೆ 9 ಪುಟದ ಇಂಗ್ಲಿಷ್ ಅಗ್ರಿಮೆಂಟು ಮೇಜಿನ ಮೇಲೆ ಬಿತ್ತು.

"ಇದನ್ನ ನಾವು ಬರೆದಿದ್ದಲ್ಲ ಸಾರ್, ಎಲ್ಲಾ ಕಂಪ್ಯೂಟರೇ ಮಾಡೋದು. ಹುಡುಗನ ಮೊಬೈಲಿಗೆ ಓಟಿಪಿ ಬರುತ್ತೆ. ಆ ಆರು ಅಂಕಿ ಹೇಳಿದ್ರೆ ಸಹಿ ಆದಂಗೆ. ಪೆನ್ನೂ ಬೇಡ!"

ಹುಡುಗ ಮೊಬೈಲ್ ತೆಗೆದ. ನಾನು ಅವನ ಕೈ ಹಿಡಿದೆ.

ಯಾಕೆ ಹಿಡಿದೆ ಅಂತೀರಾ? ಅದಕ್ಕೊಂದು ಹಳೇ ಕಥೆ ಇದೆ. ನಾನೂ ಒಂದು ಕಾಲದಲ್ಲಿ ಸಿನಿಮಾಕ್ಕೆ ಹಾಡು ಬರೆದವನೇ (ನಗಬೇಡಿ!). ಇಸವಿ 1996. ಸಿಕ್ಕಿದ್ದು 3 ಸಾವಿರ ರೂಪಾಯಿ. ಟೈಪಿಸ್ಟ್ ಒಬ್ಬರು ಯಾವುದೋ ಹಳೇ ಅಗ್ರಿಮೆಂಟು ಪಕ್ಕಕ್ಕಿಟ್ಟುಕೊಂಡು, ಹೆಸರು ಮಾತ್ರ ಬದಲಾಯಿಸಿ, ಛಾಪಾ ಕಾಗದದ ಮೇಲೆ ಹೊಡೆದುಕೊಟ್ಟರು. ಓದದೆ ಸಹಿ ಹಾಕಿದೆ. ಹತ್ತು ವರ್ಷ ಆದಮೇಲೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಪಕ್ಕದವನ ಮೊಬೈಲು ನನ್ನ ಹಾಡು ಹಾಡಿತು. ರಿಂಗ್ ಟೋನು! ದುಡ್ಡು ಕೊಟ್ಟು ಹಾಕಿಸಿಕೊಂಡೆ ಅಂದ ಆಸಾಮಿ. ನನಗೆ ಬಂದದ್ದು ಸೊನ್ನೆ. ಮನೆಗೆ ಬಂದು ಟ್ರಂಕಿನಿಂದ ಕಾಗದ ತೆಗೆದು ಓದಿದರೆ, ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳ ಹಕ್ಕನ್ನೂ ನಾನೇ ಬರೆದುಕೊಟ್ಟಿದ್ದೆ. ಯಾರ ಅಗ್ರಿಮೆಂಟಿನಿಂದ ಆ ಸಾಲು ನನ್ನ ಕಾಗದಕ್ಕೆ ನಡೆದು ಬಂತೋ ದೇವರೇ ಬಲ್ಲ.

ಆಗಿನ ಕಾಲದಲ್ಲಿ ಜಗಳ ಆಡೋದಕ್ಕೂ ದಾರಿ ಕಡಿಮೆ ಇತ್ತು. ದುಡ್ಡು ಕೊಟ್ಟು ಚಿತ್ರಕ್ಕಾಗಿ ಬರೆಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ, ಬೇರೆ ಕರಾರು ಇದ್ದರೆ ಮಾತು ಬೇರೆ ಅಂತ 1977ರಲ್ಲೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. ಗಾಳಿ ತಿರುಗಿದ್ದು 2012ರಲ್ಲಿ. 'ಶೋಲೆ' ಬರೆದ ಜೋಡಿಯಲ್ಲಿ ಒಬ್ಬರಾದ ಜಾವೇದ್ ಅಖ್ತರ್ ಆಗ ರಾಜ್ಯಸಭೆಯಲ್ಲಿದ್ದರು. ಬರಹಗಾರರ ಪರವಾಗಿ ಗಟ್ಟಿಯಾಗಿ ವಾದಿಸಿದರು. 1957ರ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂತು. ಥಿಯೇಟರಿನಲ್ಲಿ ಚಿತ್ರದ ಜೊತೆ ಹಾಡು ಕೇಳಿಸಿದರೆ ಬರೆದವನಿಗೆ ಬೇರೆ ದುಡ್ಡಿಲ್ಲ. ಆದರೆ ರೇಡಿಯೋ, ಟೀವಿ, ಮೊಬೈಲು, ಇನ್ನೆಲ್ಲೇ ಆಗಲಿ, ರಾಯಲ್ಟಿಯಲ್ಲಿ ಅವನಿಗೆ ಸಮಪಾಲು. ಅದನ್ನು ನಿರ್ಮಾಪಕನಿಗೆ ಬಿಟ್ಟುಕೊಡ್ತೀನಿ ಅಂತ ಅವನೇ ಬರೆದುಕೊಟ್ಟರೂ ಆ ಮಾತು ನಿಲ್ಲೋದಿಲ್ಲ! ಅಷ್ಟೇ ಅಲ್ಲ, ಸಹಿ ಹಾಕಿದ ದಿನ ಹುಟ್ಟೇ ಇರದ ಮಾಧ್ಯಮದ ಹಕ್ಕು, ಅದರ ಹೆಸರು ಬಿಡಿಸಿ ಹೇಳದಿದ್ದರೆ, ಕೊಟ್ಟ ಹಾಗೆ ಆಗೋದಿಲ್ಲ. ನನ್ನ ಕಾಗದ 1996ರದ್ದು. ನನಗೆ ಸಿಗಲಿಲ್ಲ ಬಿಡಿ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ಇದೇನು ಮಾಯಾಜಾಲವಲ್ಲ ಸ್ವಾಮಿ. ನಮ್ಮ ಟೈಪಿಸ್ಟ್ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತೆ, ಜೋರಾಗಿ ಮಾಡುತ್ತೆ. ಒಳಗೆ ಮಾದರಿ ಅಗ್ರಿಮೆಂಟು ಇರುತ್ತೆ. ಪ್ರಶ್ನೆ ಕೇಳುತ್ತೆ. ಒಂದೊಂದು ಉತ್ತರಕ್ಕೆ ಒಂದೊಂದು ಷರತ್ತು ಒಳಗೆ ಬರುತ್ತೆ ಅಥವಾ ಹೊರಗೆ ಹೋಗುತ್ತೆ. ಅಮೆರಿಕದಲ್ಲಿ ಜೇಮ್ಸ್ ಸ್ಪ್ರೌಲ್ ಅನ್ನುವವರು 1970ರ ದಶಕದಲ್ಲೇ ಕಾನೂನು ಪತ್ರ ಬರೆಯುವ ಇಂಥ ಪ್ರೋಗ್ರಾಂ ಮಾಡಿದ್ದರು. ಈಗ ಬಂದಿರುವ ಎಐ ಇನ್ನೂ ಒಂದು ಹೆಜ್ಜೆ ಮುಂದೆ. ಎಷ್ಟೋ ಅಗ್ರಿಮೆಂಟು ಓದಿಕೊಂಡು ತಾನೇ ಸಾಲು ಹೊಸೆಯುತ್ತೆ. ಅದು ಓದಿಕೊಂಡದ್ದರಲ್ಲಿ ಇಂಗ್ಲಿಷಿನದ್ದು, ಅಮೆರಿಕದ್ದು ಬಹಳ. ಹಾಗಾಗಿ ನಮ್ಮ ತಿಪಟೂರು ಹುಡುಗನ ಅಗ್ರಿಮೆಂಟಿನಲ್ಲಿ 'ವರ್ಕ್ ಮೇಡ್ ಫಾರ್ ಹೈರ್' ಅನ್ನುವ ಅಲ್ಲಿಯ ಕಾನೂನಿನ ಮಾತು ಬಂದು ಕೂತಿತ್ತು. 7ನೇ ಪುಟದಲ್ಲಂತೂ ವ್ಯಾಜ್ಯ ಬಂದರೆ ಕ್ಯಾಲಿಫೋರ್ನಿಯಾ ಕಾನೂನಂತೆ!

"ಮಾಮ, ಕ್ಯಾಲಿಫೋರ್ನಿಯಾಗೆ ಬಸ್ ಚಾರ್ಜ್ ಯಾರು ಕೊಡ್ತಾರೆ?" ಅಂದ ಹುಡುಗ. ಮ್ಯಾನೇಜರಿಗೂ ನಗು ಬಂತು.

ನಗುವ ವಿಷಯ ಅದು. ನಗು ಬಾರದ್ದು ಬೇರೆ ಇತ್ತು. ಮ್ಯಾನೇಜರು ತುಂಬಿದ್ದು ಮೂರೇ ಜಾಗ ಅಂದೆನಲ್ಲ? ಅವಧಿ, ವ್ಯಾಪ್ತಿ ಎರಡನ್ನೂ ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟ ಜಾಗವನ್ನು ಆ ಯಂತ್ರ ಖಾಲಿ ಬಿಡಲಿಲ್ಲ. ಅವಧಿಗೆ 'ಶಾಶ್ವತ' ಅಂತ ಹಾಕಿತು. ವ್ಯಾಪ್ತಿಗೆ 'ಇಡೀ ವಿಶ್ವ'! ಭೂಮಿ ಸಾಲದು, ಚಂದ್ರಲೋಕದಲ್ಲಿ ಟೆಂಟ್ ಹಾಕಿದರೂ ಹಕ್ಕು ಅವರದ್ದೇ.

ನಮ್ಮ ಕಾನೂನು ನೋಡಿ, ಸರಿಯಾಗಿ ಇದರ ಉಲ್ಟಾ. ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ತೆಗೆದುಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಹಕ್ಕು ವಾಪಸ್ಸು. ಎಷ್ಟು ಚಿತ್ರ ಡಬ್ಬದಲ್ಲೇ ಉಳಿಯುತ್ತೆ, ನಿಮಗೆ ಗೊತ್ತಲ್ಲ? ಖಾಲಿ ಜಾಗ ಬರೆದವನ ಕಡೆ ಇರಲಿ ಅಂತ ಕಾನೂನು ಮಾಡಿದವರು ಯೋಚಿಸಿದ್ದಾರೆ. ಮಾದರಿ ಮಾಡಿದವರು ಯಾರ ಕಡೆ ಯೋಚಿಸಿದರು? ಯಾರು ದುಡ್ಡು ಕೊಟ್ಟು ಅದನ್ನು ಕೊಂಡರೋ ಅವರ ಕಡೆ. ನನಗನ್ನಿಸೋದು ಇಷ್ಟು: ಯಂತ್ರಕ್ಕೆ ದುರಾಸೆ ಇಲ್ಲ, ಆದರೆ ಯಾರದೋ ದುರಾಸೆ ಅದರೊಳಗೆ ಮೊದಲೇ ಟೈಪಾಗಿ ಕೂತಿರುತ್ತೆ.

ಹಾಗಂತ ಯಂತ್ರವನ್ನೇ ಬೈಯೋದು ಬೇಡ. ಮ್ಯಾನೇಜರು ಹೇಳಿದ್ದರಲ್ಲೂ ನ್ಯಾಯ ಇದೆ. "ಸಾರ್, ಮೊದಲೆಲ್ಲ ಬಾಯಿಮಾತು. ಕಥೆ ಯಾರದ್ದು, ಹಾಡು ಯಾರದ್ದು, ಒಂದು ಕಾಗದ ಇರ್ತಿರಲಿಲ್ಲ. ಇವತ್ತು ಆಡಿಯೋ ಕಂಪನಿ, ಓಟಿಟಿ ಎಲ್ಲರೂ ಬರೆದವರ ಕಾಗದ ತನ್ನಿ ಅಂತಾರೆ. ಒಂದು ಇಲ್ಲದಿದ್ರೆ ವ್ಯಾಪಾರ ನಿಂತುಹೋಗುತ್ತೆ." ನಿಜ. ಬರಹದಲ್ಲಿ ಇಲ್ಲದೆ, ಸಹಿ ಇಲ್ಲದೆ ಹಕ್ಕು ಕೈಬದಲಾಗೋದೇ ಇಲ್ಲ ಅಂತ ಕಾಯಿದೆಯೇ ಹೇಳುತ್ತೆ. ವಕೀಲರ ಫೀಸು ಕೊಡಲಾಗದ ಹುಡುಗನಿಗೂ ಒಂದು ಕಾಗದ ಕೈಗೆ ಬಂತಲ್ಲ, ಅದೇನು ಸಣ್ಣದಲ್ಲ.

ಕಾಫಿ ತರಿಸಿದರು. ನಾವು ಮೂವರೂ ಕೂತು ಆ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ತುಂಬಿಸಿದೆವು. ಅವಧಿಗೆ ಹುಡುಗ 5 ವರ್ಷ ಅಂದ, ಅವರು 30 ಅಂದರು. ಫೋನಿನಲ್ಲಿ ನಿರ್ಮಾಪಕರ ಹತ್ತಿರ ಎರಡು ಸಲ ಮಾತಾಯಿತು. 10ಕ್ಕೆ ನಿಂತಿತು. ವ್ಯಾಪ್ತಿ ಪ್ರಪಂಚ, ವಿಶ್ವ ಬೇಡ! ರಾಯಲ್ಟಿ ಸಮಪಾಲು ಅಂತ ಬರಹದಲ್ಲೇ ಬಂತು. ಟೈಟಲ್ ಕಾರ್ಡಿನಲ್ಲಿ ಹೆಸರು ಬರಬೇಕು ಅನ್ನೋದನ್ನು ಹುಡುಗ ತಾನೇ ಹಾಕಿಸಿದ. ವ್ಯಾಜ್ಯ ಬಂದರೆ ಬೆಂಗಳೂರು. ಅರ್ಧ ನಿಮಿಷದಲ್ಲಿ ಯಂತ್ರ ಹೊಸ ಅಗ್ರಿಮೆಂಟು ಕೊಟ್ಟಿತು.

ನಾನು ಎದ್ದೆ. ಹುಡುಗ ಏಳಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಒಂಬತ್ತೂ ಪುಟ ಓದಿದ. ಮುಕ್ಕಾಲು ಗಂಟೆ! 8ನೇ ಪುಟದಲ್ಲಿ ಬೆರಳು ನಿಂತಿತು.

"ಸಾರ್, ಇಲ್ಲಿ ಇನ್ನೂ 'ಶಾಶ್ವತ' ಇದೆ."

ಇತ್ತು. ಮೊದಲ ಪುಟದಲ್ಲಿ 10 ವರ್ಷ, ಎಂಟನೆಯದರಲ್ಲಿ ಶಾಶ್ವತ. ನಾನು ನೋಡಿರಲಿಲ್ಲ, ಮ್ಯಾನೇಜರೂ ನೋಡಿರಲಿಲ್ಲ. ಅವರು ತಲೆ ಕೆರೆದುಕೊಂಡು ಆ ಸಾಲು ಅಳಿಸಿದರು. ಅಷ್ಟೊತ್ತಿಗೆ ಮೊದಲು ಬಂದಿದ್ದ ಓಟಿಪಿ ಸತ್ತುಹೋಗಿತ್ತು. ಹೊಸದು ಬಂತು. ಹುಡುಗ ಆರು ಅಂಕಿಯನ್ನೂ ನಿಧಾನವಾಗಿ, ಒಂದೊಂದಾಗಿ ಹೇಳಿದ.

ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿಸಿ ಬಂದೆ. ಹಾಡು ಇನ್ನೂ ರೆಕಾರ್ಡಿಂಗ್ ಆಗಬೇಕು. ಚಿತ್ರದ ಹೆಸರು ಈಗಲೇ ಬರೆಯಬೇಡಿ ಅಂತ ಮ್ಯಾನೇಜರು ಕೈಮುಗಿದು ಕೇಳಿಕೊಂಡಿದ್ದಾರೆ. ಅದಕ್ಕೇ ಬರೆದಿಲ್ಲ.