ಚಾಚಾ ಕಾರ್ಡು, ದಾದಿ ಕಾರ್ಡು

ನಮ್ಮ ಚಾಚಾ ಸೌದಿಯ ದಮ್ಮಾಮ್‌ನಲ್ಲಿ ಒಂದು ಕಂಪನಿಯ ಡ್ರೈವರ್. ಅಲ್ಲಿ ಖಾಸಗಿ ಕಂಪನಿಗಳು ನೌಕರರಿಗೆ ಆರೋಗ್ಯ ವಿಮೆ ಮಾಡಿಸಲೇಬೇಕು, ಪ್ರೀಮಿಯಂ ಮಾಲೀಕರದೇ. ಆದರೆ ಆ ವಿಮೆ ಹಿರಿಯೂರಿನಲ್ಲಿರುವ ದಾದಿಗೆ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 1948ರಿಂದ ತೆರಿಗೆ ಹಣದಲ್ಲೇ ಚಿಕಿತ್ಸೆ. ಬಿಲ್ ಇಲ್ಲ, ಆದರೆ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅಮೆರಿಕದಲ್ಲಿ ಪ್ರೀಮಿಯಂ ಕಟ್ಟಿದವರೂ ಸಾಮಾನ್ಯವಾಗಿ ಬಿಲ್ಲಿನ ಒಂದು ಪಾಲನ್ನು ಕೈಯಿಂದ ಕೊಡಬೇಕು.

ನಮ್ಮಲ್ಲಿ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಪ್ರೀಮಿಯಂ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗೆ ಚೀಟಿ ಬೇಕಿಲ್ಲ.

ಈ ಚೀಟಿಯ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. (ವಿಮೆಯ ತತ್ವಗಳನ್ನು ಬಾಯಿಪಾಠ ಮಾಡಿದ ನನಗೂ!) ಕಳೆದ ವರ್ಷ ದಾದಿಗೆ ಸ್ಟೆಂಟ್ ಹಾಕಬೇಕೆಂದರು. ಹದಿನೈದು ದಿನ ಸಮಯವಿದೆ ಎಂದು ಡಾಕ್ಟರೇ ಹೇಳಿದ್ದರೂ, ಹೆದರಿಕೊಂಡು ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬಿಪಿಎಲ್ ಕಾರ್ಡ್ ಅಮ್ಮಿಯ ಬೀರುವಿನಲ್ಲೇ ಇತ್ತು. ಬಿಲ್ ಕಟ್ಟಲು ಚಾಚಾ ಎಂಟು ತಿಂಗಳ ಉಳಿತಾಯ ಕಳಿಸಿದರು. ಆ ರಂಜಾನಿಗೆ ಊರಿಗೆ ಬರಲಿಲ್ಲ.

ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬರುವ ಗೆಳೆಯರೇ, ತುರ್ತಿಲ್ಲದಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಿ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಒಯ್ಯಿರಿ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆಸಿಕೊಳ್ಳಿ.